ಆಂಗ್ಲ ಶ್ರೀಮಂತಸಮಾಜದ ಐತಿಹಾಸಿಕ ಶೃಂಗಾರಕಾದಂಬರಿಗಳು: ಒಂದು ವಿಮರ್ಶೆ

೧

ಇಂಗ್ಲೆಂಡಿನ ಡ್ಯೂಕು, ಅರ್ಲು ಮೊದಲಾದ ಬಿರುದಾಂಕಿತರ ಮನೆತನಗಳನ್ನೂ ಅವರ ವಿವಾಹಪ್ರಯತ್ನಗಳನ್ನೂ ವಸ್ತುವಾಗಿ ಹಿಡಿದು, ಕಳೆದುಹೋದ ಒಂದು ಕಾಲದ ವೇಷಭಾಷೆಗಳಲ್ಲಿ ಕಥೆಯನ್ನು ನಡೆಯಿಸುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಜಾತಿಯಾಗಿಯೇ ಬೆಳೆದಿವೆ. ಇವುಗಳಲ್ಲಿ ಅನೇಕವು ಕ್ರಿ. ಶ. ೧೮೧೧ರಿಂದ ೧೮೨೦ರವರೆಗಿನ ಕಾಲವನ್ನು ಆಶ್ರಯಿಸಿವೆ. ಮೂರನೆಯ ಜಾರ್ಜ್ ದೊರೆಯು ಬುದ್ಧಿಭ್ರಮಣೆಯಿಂದ ರಾಜ್ಯಭಾರಕ್ಕೆ ಅಸಮರ್ಥನಾಗಲು, ಅವನ ಮಗನು ಪ್ರತಿನಿಧಿಯಾಗಿ ಆಳಿದ ಆ ಒಂಬತ್ತು ವರ್ಷಗಳಿಗೆ ಅಲ್ಲಿಯವರು 'ರೀಜೆನ್ಸಿ' ಎಂದು ಹೆಸರಿಟ್ಟಿದ್ದಾರೆ. ಆ ಕಾಲದಲ್ಲಿಯೇ ಬದುಕಿ ಬರೆದ ಜೇನ್ ಆಸ್ಟಿನ್ (೧೭೭೫–೧೮೧೭) ಎಂಬಾಕೆಗೆ ಅದು ವರ್ತಮಾನ. ನೂರು ವರ್ಷಗಳ ತರುವಾಯ ಬರೆದ ಜಾರ್ಜೆಟ್ ಹೇಯರ್ (೧೯೦೨–೧೯೭೪) ಎಂಬಾಕೆಗೆ ಅದು ಇತಿಹಾಸ. ಹೇಯರಳು ೧೯೩೫ರಲ್ಲಿ 'ರೀಜೆನ್ಸಿ ಬಕ್' ಎಂಬ ಕೃತಿಯನ್ನು ಪ್ರಕಟಿಸಿದ ಮೇಲೆ ಈ ಜಾತಿಯ ಕಾದಂಬರಿಗಳಿಗೆ ಒಂದು ಸ್ಥಿರವಾದ ರೂಪವು ಒದಗಿತು. ಅಮೆರಿಕದ ಜೂಲಿಯಾ ಕ್ವಿನ್ ಎಂಬಾಕೆಯು ೨೦೦೦ದಲ್ಲಿ ಆರಂಭಿಸಿದ ಬ್ರಿಜರ್ಟನ್ ಮನೆತನದ ಕಥಾಮಾಲೆಯೂ, ಅದನ್ನನುಸರಿಸಿ ನೆಟ್‌ಫ್ಲಿಕ್ಸ್ ಸಂಸ್ಥೆಯವರು ೨೦೨೦ರಿಂದ ತೆರೆಗೆ ತಂದ ದೃಶ್ಯಮಾಲಿಕೆಯೂ ಇವುಗಳ ಕೀರ್ತಿಯನ್ನು ಎಲ್ಲ ದೇಶಗಳಿಗೂ ಹರಡಿವೆ. ಚಾಮರಾಜನಗರ, ಗುಂಡ್ಲುಪೇಟೆಗಳಂಥ ನಮ್ಮ ಊರುಗಳ ವಿದ್ಯಾರ್ಥಿಗಳ ಕೈಯಲ್ಲಿ ಈ ಪುಸ್ತಕಗಳು ಕಂಡುಬಂದರೆ ಈಗ ಯಾರೂ ಆಶ್ಚರ್ಯಪಡುವುದಿಲ್ಲ.

ಇವುಗಳ ವಿಷಯದಲ್ಲಿ ನಮ್ಮ ಅಧ್ಯಾಪಕವರ್ಗದಲ್ಲಿ ಎರಡು ಪಕ್ಷಗಳಿವೆ. ಇವು ಕೇವಲ ಕಾಲಕ್ಷೇಪದ ಪುಸ್ತಕಗಳು, ವಿಮರ್ಶೆಗೆ ಅನರ್ಹವಾದವು ಎಂಬುದು ಒಂದು ಪಕ್ಷ. ಇಷ್ಟು ಸೂಕ್ಷ್ಮವಾಗಿ ಒಂದು ಕಾಲವನ್ನು ಚಿತ್ರಿಸಿದ ಗ್ರಂಥಗಳು ಚರಿತ್ರೆಯ ಪಾಠಕ್ಕೆ ಸಮಾನವೆಂಬುದು ಇನ್ನೊಂದು ಪಕ್ಷ. ಮೊದಲನೆಯ ಪಕ್ಷಕ್ಕೆ ಉತ್ತರವು ಹೊಸದಾಗಿ ಬೇಕಾಗಿಲ್ಲ. ಕಾವ್ಯಾಲಾಪಗಳನ್ನು ಬಿಡಬೇಕೆಂಬ ಸ್ಮೃತಿನಿಷೇಧವು ಅಸತ್ಕಾವ್ಯಕ್ಕೆ ಮಾತ್ರವೇ ಅನ್ವಯಿಸುವುದೆಂದು ರಘುವಂಶದ ವ್ಯಾಖ್ಯಾನದ ಆದಿಯಲ್ಲಿ ಮಲ್ಲಿನಾಥನು ನಿರ್ಣಯಿಸಿರುವುದನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಯಾವುದು ಸತ್, ಯಾವುದು ಅಸತ್ ಎಂಬುದು ಓದಿ ಪರೀಕ್ಷಿಸಿದಲ್ಲದೆ ತಿಳಿಯುವುದಿಲ್ಲ. ಎರಡನೆಯ ಪಕ್ಷವು ಇದಕ್ಕಿಂತ ಪ್ರಬಲವಾದುದು. ಆದುದರಿಂದ ಅದರ ಪರೀಕ್ಷೆಯೇ ಈ ಲೇಖನದ ಮುಖ್ಯೋದ್ದೇಶ. ಈ ಕಾದಂಬರಿಗಳು ಹೇಳಿದ್ದರಲ್ಲಿ ಎಷ್ಟು ಸತ್ಯವಿದೆಯೋ ಅಷ್ಟೇ ಮುಖ್ಯವಾದುದು ಅವು ಹೇಳದೆ ಬಿಟ್ಟದ್ದರ ಸ್ವರೂಪ. ಹೇಳದೆ ಬಿಟ್ಟದ್ದೆಲ್ಲವೂ ವ್ಯಂಗ್ಯವಾಗುವುದಿಲ್ಲ. ಕೆಲವು ಮೌನಗಳು ಧ್ವನಿ, ಕೆಲವು ಕೇವಲ ಮರೆವು. ಈ ಎರಡನ್ನೂ ಬೇರ್ಪಡಿಸುವುದಕ್ಕೆ ನಮ್ಮ ಆಲಂಕಾರಿಕರು ಕೊಟ್ಟ ಒರೆಗಲ್ಲು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆಂದು ನಮ್ಮ ಅಭಿಪ್ರಾಯ.

೨

ಮೊದಲು ಇವುಗಳ ಲಕ್ಷಣವನ್ನು ನೋಡೋಣ. ಧನಂಜಯನು ದಶರೂಪಕದಲ್ಲಿ ನಾಟಿಕೆಯನ್ನು ನಾಟಕ ಪ್ರಕರಣಗಳೆರಡರ ಸಂಕರವೆಂದು ಹೇಳುತ್ತಾನೆ. ವಸ್ತುವು ಪ್ರಕರಣದಂತೆ ಕಲ್ಪಿತ. ನಾಯಕನು ನಾಟಕದಂತೆ ಪ್ರಖ್ಯಾತನಾದ ದೊರೆ, ಅವನೂ ಧೀರಲಲಿತ. ಸ್ತ್ರೀಪಾತ್ರಗಳು ಹೆಚ್ಚು, ಕೈಶಿಕೀ ವೃತ್ತಿ, ಅಂಗಿರಸವು ಶೃಂಗಾರ. ಜ್ಯೇಷ್ಠಳಾದ ದೇವಿಯು ರಾಜವಂಶದವಳು, ಗಂಭೀರಳು, ಮಾನಿನಿ. ನಾಯಕನಾಯಿಕೆಯರ ಸಮಾಗಮವು ಅವಳ ಅಧೀನ. ನಾಯಕನು ಅವಳಿಗೆ ಅಂಜುತ್ತಲೇ ಪ್ರವರ್ತಿಸುತ್ತಾನೆ. ಶ್ರೀಹರ್ಷನ ರತ್ನಾವಳಿಯೂ ಪ್ರಿಯದರ್ಶಿಕೆಯೂ ಇದಕ್ಕೆ ಪ್ರಸಿದ್ಧವಾದ ಉದಾಹರಣೆಗಳು.

ಈಗ ಹೇಯರಳ ಯಾವುದಾದರೊಂದು ಕಾದಂಬರಿಯನ್ನು ಈ ಲಕ್ಷಣದ ಪಕ್ಕದಲ್ಲಿಟ್ಟು ನೋಡಿದರೆ ಸಾದೃಶ್ಯವು ತಾನಾಗಿ ಹೊಳೆಯುತ್ತದೆ. ಕಥೆಯು ಕಲ್ಪಿತ, ಕಥೆ ನಡೆಯುವ ಲೋಕವು ಪ್ರಖ್ಯಾತ. ರಾಜಪ್ರತಿನಿಧಿಯೂ, ವೇಷವಿನ್ಯಾಸದಲ್ಲಿ ಲಂಡನ್ನಿಗೆಲ್ಲ ಗುರುವಾಗಿದ್ದ ಬ್ರಮ್ಮೆಲನೂ, ವೆಲಿಂಗ್ಟನ್ ಡ್ಯೂಕನೂ ಅಲ್ಲಲ್ಲಿ ಪಾತ್ರಗಳಾಗಿ ಸುಳಿಯುತ್ತಾರೆ. ದೇವಿಯ ಸ್ಥಾನದಲ್ಲಿ ನಾಯಕನ ತಾಯಿಯೋ, ನಾಯಿಕೆಯ ಸೋದರತ್ತೆಯೋ, ಆಲ್ಮ್ಯಾಕ್ಸ್ ಎಂಬ ನರ್ತನಶಾಲೆಯ ಒಡತಿಯರೋ ನಿಲ್ಲುತ್ತಾರೆ. ಆ ಶಾಲೆಗೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನು ನಿರ್ಣಯಿಸುತ್ತಿದ್ದವರು ಕೆಲವರು ಕುಲೀನ ಸ್ತ್ರೀಯರೇ. ಅವರ ಅನುಮತಿಯಿಲ್ಲದ ಕನ್ಯೆಗೆ ಆ ಸಮಾಜದಲ್ಲಿ ವರನು ದೊರಕುವುದು ದುರ್ಲಭವಾಗಿತ್ತು. ಅಂತಃಪುರದ ಕದಕ್ಕೂ ಈ ನರ್ತನಶಾಲೆಯ ಕದಕ್ಕೂ ರೂಪದಲ್ಲಿ ಭೇದವಿದ್ದರೂ ಕೆಲಸದಲ್ಲಿ ಭೇದವಿಲ್ಲ.

ಆದರೆ ನಮ್ಮ ಓದುಗನು ಇಲ್ಲಿ ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಒಂದು, ದಾಯವಿಷಯ. ಆ ದೇಶದ ಶ್ರೀಮಂತರ ಭೂಮಿಯು ಸಾಮಾನ್ಯವಾಗಿ ಹಿರಿಯ ಮಗನಿಗೆ ಮಾತ್ರ ಸಲ್ಲುತ್ತಿತ್ತು. ಗಂಡುಸಂತಾನವಿಲ್ಲದ ಕಡೆ ದಾಯಾದಿಗೆ ಹೋಗುವಂತೆ ಮೊದಲೇ ಕಟ್ಟುಮಾಡಿರುವುದೂ ಉಂಟು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಪ್ರಕಾರ, ಹುಟ್ಟಿನಿಂದಲೇ ಎಲ್ಲ ಗಂಡುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕುಂಟೆಂಬ ನ್ಯಾಯದಲ್ಲಿ ಬೆಳೆದ ನಮಗೆ ಇದು ಅಪೂರ್ವ. 'ಪ್ರೈಡ್ ಅಂಡ್ ಪ್ರೆಜುಡಿಸ್' (೧೮೧೩) ಕಾದಂಬರಿಯಲ್ಲಿ ಬೆನ್ನೆಟ್ ಎಂಬ ಗೃಹಸ್ಥನಿಗೆ ವರ್ಷಕ್ಕೆ ೨,೦೦೦ ಪೌಂಡಿನ ಉತ್ಪತ್ತಿಯಿದ್ದರೂ ಅವನ ಐವರು ಹೆಣ್ಣುಮಕ್ಕಳ ತಾಯಿಯು ಏಕೆ ಅಷ್ಟು ಕಳವಳಪಡುತ್ತಾಳೆಂಬುದು ಈ ಕಟ್ಟನ್ನು ತಿಳಿಯದವನಿಗೆ ಹಾಸ್ಯವಾಗಿ ಮಾತ್ರ ತೋರುತ್ತದೆ. ತಿಳಿದವನಿಗೆ ಆ ಹಾಸ್ಯದ ಹಿಂದೆ ಭಯಾನಕವೂ ತೋರುತ್ತದೆ. ಎರಡು, ವಿವಾಹವಿಷಯ. ೧೭೫೩ರ ಶಾಸನದಿಂದ, ಇಂಗ್ಲೆಂಡಿನಲ್ಲಿ ೨೧ ವರ್ಷ ತುಂಬದವರ ವಿವಾಹಕ್ಕೆ ಹಿರಿಯರ ಸಮ್ಮತಿಯು ಆವಶ್ಯಕವಾಯಿತು. ಸ್ಕಾಟ್ಲೆಂಡಿಗೆ ಆ ಶಾಸನವು ಅನ್ವಯಿಸಲಿಲ್ಲ. ಪ್ರೇಮಿಗಳು ಗಡಿಯಾಚೆಯ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಿಹೋಗುವ ಪ್ರಕರಣಗಳು ಈ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ. ಮನುವು ಎಣಿಸಿದ ಎಂಟು ವಿವಾಹಗಳಲ್ಲಿ ಗಾಂಧರ್ವಕ್ಕೆ ಇದನ್ನು ಹೋಲಿಸಬಹುದಾದರೂ, ಗಾಂಧರ್ವಕ್ಕೆ ಊರ ಗಡಿಯನ್ನು ದಾಟಬೇಕಾಗಿಲ್ಲವೆಂಬ ವಿಶೇಷವನ್ನು ಮರೆಯಬಾರದು.

ನಾಟಿಕೆಗೂ ಈ ಕಾದಂಬರಿಗೂ ಇರುವ ನಿಜವಾದ ಭೇದವು ಬೇರೊಂದು ಕಡೆಯಲ್ಲಿದೆ. ರತ್ನಾವಳಿಯ ಆರಂಭದಲ್ಲಿಯೇ ಮಂತ್ರಿಯಾದ ಯೌಗಂಧರಾಯಣನು ರಂಗಕ್ಕೆ ಬಂದು ತನ್ನ ಉಪಾಯವನ್ನು ಬಿಚ್ಚಿ ಹೇಳುತ್ತಾನೆ: ಸಿಂಹಳದ ರಾಜಪುತ್ರಿಯನ್ನು ಕೈಹಿಡಿದವನು ಸಾರ್ವಭೌಮನಾಗುವನೆಂಬ ಸಿದ್ಧಾದೇಶವನ್ನು ನಂಬಿ ತಾನು ಇದನ್ನೆಲ್ಲ ಹೂಡಿದೆನೆಂದು. ಆದುದರಿಂದ ವತ್ಸರಾಜನ ಕದಳೀಗೃಹದ ಶೃಂಗಾರವನ್ನು ಸವಿಯುವಾಗಲೂ ಸಾಮಾಜಿಕನಿಗೆ ಅದರ ಅಡಿಯಲ್ಲಿ ರಾಜ್ಯಲಾಭವೆಂಬ ಅರ್ಥಪುರುಷಾರ್ಥವು ಹರಿಯುತ್ತಿರುವುದು ತಿಳಿದೇ ಇರುತ್ತದೆ. ಕವಿಯು ಕಾಮವನ್ನು ತೋರಿಸಿ ಅರ್ಥವನ್ನು ಮರೆಮಾಚಲಿಲ್ಲ. ಆಂಗ್ಲ ಶೃಂಗಾರಕಾದಂಬರಿಗೆ ಯೌಗಂಧರಾಯಣನಿಲ್ಲ. ನಾಯಿಕೆಗೆ ಎಷ್ಟು ಸ್ತ್ರೀಧನ, ನಾಯಕನಿಗೆ ವರ್ಷಕ್ಕೆ ಎಷ್ಟು ಸಾವಿರ ಎಂಬುದನ್ನು ಅದು ಕಾಸಿಗೆ ಕಾಸು ಹೇಳುತ್ತದೆ. ಆ ಸಾವಿರಗಳು ಎಲ್ಲಿಂದ ಬಂದುವೆಂಬುದನ್ನು ಹೇಳುವವನು ಮಾತ್ರ ರಂಗಕ್ಕೆ ಬರುವುದೇ ಇಲ್ಲ.

೩

ಹೇಯರಳ ಪಕ್ಷದಲ್ಲಿ ಹೇಳಬೇಕಾದುದನ್ನು ಮೊದಲು ಹೇಳಿಬಿಡಬೇಕು. ಕ್ಷೇಮೇಂದ್ರನು ಔಚಿತ್ಯವನ್ನು ಪದ, ವಾಕ್ಯ, ದೇಶ, ಕಾಲ ಮೊದಲಾದ ಅನೇಕ ಸ್ಥಾನಗಳಲ್ಲಿ ಪರೀಕ್ಷಿಸಬೇಕೆಂದನು. ಆ ಪರೀಕ್ಷೆಯಲ್ಲಿ ಕಾಲೌಚಿತ್ಯದ ಮಟ್ಟಿಗೆ ಈಕೆಯು ಸುಲಭವಾಗಿ ಗೆಲ್ಲುತ್ತಾಳೆ. ಉಡುಗೆ, ಬಂಡಿ, ಕುದುರೆ, ಊಟದ ಹೊತ್ತು, ಆ ಕಾಲದವರ ಆಡುಮಾತಿನ ವಿಶೇಷಗಳು, ಇವೆಲ್ಲವನ್ನೂ ಈಕೆಯು ಟಿಪ್ಪಣಿಪುಸ್ತಕಗಳಲ್ಲಿ ಕೂಡಿಟ್ಟುಕೊಂಡು ಬರೆದವಳು. ೧೯೩೭ರಲ್ಲಿ ಪ್ರಕಟವಾದ 'ಆ್ಯನ್ ಇನ್‌ಫೇಮಸ್ ಆರ್ಮಿ' ಎಂಬ ಕೃತಿಯಲ್ಲಿ ವಾಟರ್ಲೂ ಯುದ್ಧವನ್ನು ವರ್ಣಿಸುವಾಗ, ಪ್ರೇಮಕಥೆಯು ಎಲ್ಲಿ ಮುಗಿದು ಚರಿತ್ರೆಯು ಎಲ್ಲಿ ಆರಂಭವಾಯಿತೆಂಬ ಸೀಮೆಯೇ ತೋರದು. ಶ್ರಮವಿಲ್ಲದೆ ಚರಿತ್ರೆಯ ಹೆಸರು ಹೇಳುವ ನಮ್ಮ ಕೆಲವು ಕಾದಂಬರಿಕಾರರು ಈ ವಿಷಯದಲ್ಲಿ ಈಕೆಯಿಂದ ಕಲಿಯತಕ್ಕದ್ದು ಬಹಳವುಂಟು.

ತೆರೆಯ ಮೇಲಿನ ಬ್ರಿಜರ್ಟನ್ ಮಾಲಿಕೆಯು ಈ ಔಚಿತ್ಯವನ್ನು ಬುದ್ಧಿಪೂರ್ವಕವಾಗಿಯೇ ಬಿಟ್ಟಿದೆ. ಕ್ವಿನ್ನಳ ಮೂಲಗ್ರಂಥದಲ್ಲಿ ಕೇಟ್ ಶೆಫೀಲ್ಡ್ ಎಂಬ ಆಂಗ್ಲ ಕನ್ಯೆಯಾಗಿದ್ದ ನಾಯಿಕೆಯು, ೨೦೨೨ರಲ್ಲಿ ಬಂದ ಮಾಲಿಕೆಯ ಎರಡನೆಯ ಭಾಗದಲ್ಲಿ, ಮುಂಬಯಿಯಿಂದ ಬಂದ ಕೇಟ್ ಶರ್ಮಾ ಆದಳು. ಭಾರತೀಯ ನಾಯಿಕೆಯನ್ನು ಲಂಡನ್ನಿನ ನರ್ತನಶಾಲೆಯಲ್ಲಿ ಕಂಡು ನಮ್ಮ ತರುಣಿಯರು ಸಂತೋಷಪಟ್ಟಿದ್ದರೆ ಅದು ಸಹಜವೇ. ಆದರೆ ಆ ಮನೆಯಲ್ಲಿ ತಂದೆಯನ್ನು 'ಅಪ್ಪಾ' ಎಂದೂ, ತಂಗಿಯನ್ನು ವಂಗಭಾಷೆಯಂತೆ 'ಬೋನ್' ಎಂದೂ, ಅಕ್ಕನನ್ನು ಹಿಂದಿಯವರಂತೆ 'ದೀದಿ' ಎಂದೂ ಕರೆಯುತ್ತಾರೆ. ಒಂದೇ ಮನೆಯ ಮಕ್ಕಳು ದಕ್ಷಿಣದ ಅಪ್ಪನನ್ನೂ ಪೂರ್ವದ ತಂಗಿಯನ್ನೂ ಉತ್ತರದ ಅಕ್ಕನನ್ನೂ ಪಡೆದದ್ದು ಹೇಗೆಂಬುದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಆಂಗ್ಲನ ಕೊರಳಪಟ್ಟಿಯ ಗಂಟಿಗೆ ದೊರೆಯುವ ಗಮನವು ನಮ್ಮ ಬಂಧುವಾಚಕಗಳಿಗೆ ದೊರೆಯಲಿಲ್ಲವೆಂಬುದು ಸಣ್ಣ ದೋಷವೇ. ಆದರೆ ಮುಂದೆ ಹೇಳಲಿರುವ ದೊಡ್ಡ ದೋಷಕ್ಕೆ ಅದು ಗುರುತಾಗಿದೆ.

೪

ಪ್ರಕೃತಕ್ಕೆ ಬರೋಣ. ಆರ್ಥೀ ವ್ಯಂಜನೆಗೆ ನಿಮಿತ್ತಗಳು ಯಾವುವೆಂಬುದನ್ನು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಎಣಿಸುತ್ತಾನೆ: ಹೇಳುವವನು, ಕೇಳುವವನು, ಕಾಕು, ವಾಕ್ಯ, ವಾಚ್ಯ, ಇತರರ ಸನ್ನಿಧಿ, ಪ್ರಸ್ತಾವ, ದೇಶ, ಕಾಲ ಮುಂತಾದವುಗಳ ವೈಶಿಷ್ಟ್ಯ. ಇವುಗಳಲ್ಲಿ ಯಾವುದಾದರೊಂದು ಕಾವ್ಯದೊಳಗೆ ನಿಂತು ಸೂಚಿಸಬೇಕು. ಆಗಲೇ ಹೇಳದಿದ್ದುದು ಪ್ರತಿಭೆಯುಳ್ಳವನಿಗೆ ಕೇಳಿಸುತ್ತದೆ. ವ್ಯಂಜಕವಿಲ್ಲದ ಕಡೆ ವ್ಯಂಗ್ಯವಿಲ್ಲ.

ಇದಕ್ಕೆ ಉತ್ತಮವಾದ ಉದಾಹರಣೆಯು ಆಸ್ಟಿನಳ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' (೧೮೧೪). ಆ ಮನೆಯ ಯಜಮಾನನಾದ ಸರ್ ಥಾಮಸನಿಗೆ ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪದಲ್ಲಿ ಆಸ್ತಿಯಿದೆ. ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ತೋಟಗಳ ದ್ವೀಪವದು. ಅವನು ಅಲ್ಲಿಂದ ಹಿಂದಿರುಗಿದ ಮೇಲೆ, ಆಶ್ರಿತಳಾಗಿ ಬೆಳೆದ ಫ್ಯಾನಿ ಎಂಬ ಹುಡುಗಿಯು ಗುಲಾಮವ್ಯಾಪಾರದ ವಿಷಯವಾಗಿ ಒಂದು ಪ್ರಶ್ನೆಯನ್ನು ಕೇಳುತ್ತಾಳೆ. ಉಳಿದ ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ, ಯಾರೂ ಮಾತಾಡುವುದಿಲ್ಲ. ಇಷ್ಟೇ. ಲೇಖಿಕೆಯು ಮತ್ತೇನನ್ನೂ ಹೇಳುವುದಿಲ್ಲ. ಆದರೆ ಇಲ್ಲಿ ಕೇಳಿದವಳು ಯಾರು, ಕೇಳಿಸಿಕೊಂಡವರು ಯಾರು, ಯಾರ ಸನ್ನಿಧಿಯಲ್ಲಿ, ಯಾವ ಕಾಲದಲ್ಲಿ (ಬ್ರಿಟನ್ನಿನಲ್ಲಿ ಆ ವ್ಯಾಪಾರವು ೧೮೦೭ರಲ್ಲಿ ನಿಷಿದ್ಧವಾಗಿತ್ತು) ಎಂಬ ಮಮ್ಮಟನ ನಿಮಿತ್ತಗಳೆಲ್ಲ ಒಂದೇ ಕಡೆ ಸೇರಿವೆ. ಮೌನವೇ ಆ ಮನೆಯ ಸಂಪತ್ತಿನ ಬುಡವನ್ನು ತೋರಿಸುತ್ತದೆ. ಇದು ಧ್ವನಿ.

ಹೇಯರಳ 'ಬ್ಲ್ಯಾಕ್ ಷೀಪ್' (೧೯೬೬) ಎಂಬ ಕೃತಿಯನ್ನು ಇದರ ಪಕ್ಕದಲ್ಲಿಡಬಹುದು. ತಾರುಣ್ಯದ ದುಡುಕಿಗಾಗಿ ಮನೆಯವರಿಂದ ಭಾರತಕ್ಕೆ ಅಟ್ಟಲ್ಪಟ್ಟ ಮೈಲ್ಸ್ ಕ್ಯಾಲ್ವರ್ಲೀ ಎಂಬವನು ಸುಮಾರು ಇಪ್ಪತ್ತು ವರ್ಷಗಳ ತರುವಾಯ ಬಾತ್ ನಗರಕ್ಕೆ ಬರುತ್ತಾನೆ. ಅವನ ಬಟ್ಟೆ ಸಾಧಾರಣ; ನಡತೆಯಲ್ಲಿ ಆಡಂಬರವಿಲ್ಲ. ಕಥೆಯು ಮುಂದುವರಿದಂತೆ ಅವನು ಕುಬೇರನಾಗಿ ಹಿಂದಿರುಗಿದವನೆಂದು ಬಯಲಾಗುತ್ತದೆ. ದುರ್ವ್ಯಯದಿಂದ ಕೆಟ್ಟ ಅಣ್ಣನ ಮಗನ ಒತ್ತೆಬಿದ್ದ ಮನೆತನದ ಆಸ್ತಿಯು ಅವನ ಕೈಸೇರುತ್ತದೆ. ಹಣಕ್ಕಾಗಿ ಒಬ್ಬ ಎಳೆಯ ಹುಡುಗಿಯನ್ನು ವಂಚಿಸಲು ಆ ತರುಣನು ಮಾಡಿದ ಪ್ರಯತ್ನವು ಮುರಿಯುತ್ತದೆ. ಹುಡುಗಿಯ ಸೋದರತ್ತೆಯಾದ ಅಬಿಗೇಲಳೇ ನಾಯಿಕೆ. ಸಂಭಾಷಣೆಯಲ್ಲಿ, ನರ್ಮದಲ್ಲಿ, ಪಾತ್ರಗಳ ಪರಸ್ಪರಾನುರೂಪ್ಯದಲ್ಲಿ ಇದು ಈ ಜಾತಿಯ ಉತ್ತಮ ಕೃತಿಗಳಲ್ಲಿ ಒಂದು. ಆದರೆ ನಾಯಕನ ಧನವು ನಮ್ಮ ದೇಶದಲ್ಲಿ ಹುಟ್ಟಿದ್ದು. ವ್ಯಾಪಾರದಲ್ಲಿ ತೊಡಗಿದ್ದನೆಂಬ ಸೂಚನೆಗಿಂತ ಮುಂದೆ ಕಥೆಯು ಹೋಗುವುದಿಲ್ಲ. ಪ್ರಶ್ನೆ ಕೇಳುವ ಫ್ಯಾನಿಯು ಇಲ್ಲಿಲ್ಲ. ಉತ್ತರವಿಲ್ಲದೆ ಕುಳಿತವರೂ ಇಲ್ಲ. ಭಾರತವು ಇಲ್ಲಿ ನಾಯಕನನ್ನು ಸಿರಿವಂತನನ್ನಾಗಿ ಮಾಡಿ ಕಳುಹಿಸುವ ಒಂದು ಕಲ್ಪವೃಕ್ಷ, ಅಷ್ಟೆ. ಈ ಮೌನಕ್ಕೆ ವ್ಯಂಜಕವಿಲ್ಲವಾದ್ದರಿಂದ ಇದು ಧ್ವನಿಯಲ್ಲ, ಮರೆವು.

ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಮೂರನೆಯ ಬಗೆ. ಇದು ಪ್ರಕಟವಾದ ೧೮೬೮ನೆಯ ಇಸವಿಯಲ್ಲಿಯೇ ಮುಮ್ಮಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಕಥೆಯು ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ಆರಂಭವಾಗುತ್ತದೆ. ಹರ್ನ್‌ಕ್ಯಾಸಲ್ ಎಂಬ ಆಂಗ್ಲ ಸೇನಾಧಿಕಾರಿಯು ಕಾವಲಿನವರನ್ನು ಕೊಂದು ಒಂದು ವಜ್ರವನ್ನು ಅಪಹರಿಸುತ್ತಾನೆ. ಅದು ಅವನ ಮರಣಾನಂತರ ಯಾರ್ಕ್‌ಷೈರಿನ ಕುಲೀನ ಮನೆಯೊಂದರ ಕನ್ಯೆಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಬಂದು, ಆ ಮನೆಯ ನೆಮ್ಮದಿಯನ್ನೂ ಅವಳ ಪ್ರೇಮವನ್ನೂ ಕದಡುತ್ತದೆ. ಅದನ್ನು ಮರಳಿ ಪಡೆಯುವುದಕ್ಕಾಗಿ ಮೂವರು ಬ್ರಾಹ್ಮಣರು ಜಾತಿಯನ್ನು ಬಿಟ್ಟು ಸಮುದ್ರವನ್ನು ದಾಟುತ್ತಾರೆ. ಕೆಲಸವು ಮುಗಿದ ಮೇಲೆ ಪ್ರಾಯಶ್ಚಿತ್ತಕ್ಕಾಗಿ ಒಬ್ಬರನ್ನೊಬ್ಬರು ಅಗಲಿ ಮೂರು ದಿಕ್ಕಿಗೆ ತೀರ್ಥಯಾತ್ರೆಗೆ ಹೊರಡುತ್ತಾರೆ. ಕಾಲಿನ್ಸನಿಗೆ ನಮ್ಮ ದೇಶದ ಪರಿಚಯವು ಪುಸ್ತಕದಿಂದ ಬಂದದ್ದಾದರೂ, ಈ ಕೊನೆಯ ಕಲ್ಪನೆಯಲ್ಲಿ ಅವನು ಔಚಿತ್ಯವನ್ನು ಬಿಡಲಿಲ್ಲ. ಆಸ್ಟಿನಳು ವ್ಯಂಗ್ಯವಾಗಿಟ್ಟದ್ದನ್ನು ಇವನು ವಾಚ್ಯವಾಗಿ ಮಾಡಿ ಕಥೆಯನ್ನೇ ಅದರ ಮೇಲೆ ಕಟ್ಟಿದನು: ಕದ್ದ ಒಡವೆಯನ್ನು ತೊಟ್ಟವಳ ಶೃಂಗಾರವು ನಿರ್ವಿಘ್ನವಾಗಿ ಸಾಗುವುದಿಲ್ಲ. ಕಾಲಿನ್ಸನು ಯೌಗಂಧರಾಯಣನನ್ನು ರಂಗಕ್ಕೆ ತಂದ ಆಂಗ್ಲ ಕವಿ.

ಇವನ ಕಲ್ಪನೆಗೆ ಚರಿತ್ರೆಯಲ್ಲಿ ಆಧಾರವುಂಟು. ಶ್ರೀರಂಗಪಟ್ಟಣವನ್ನು ಹಿಡಿದ ಸೇನಾಪತಿ ಜನರಲ್ ಹ್ಯಾರಿಸನಿಗೆ ಕೊಳ್ಳೆಯ ಹಂಚಿಕೆಯಲ್ಲಿ ಒಂದು ಲಕ್ಷ ಪೌಂಡಿಗೂ ಮೀರಿದ ಪಾಲು ಬಂದಿತು. ಅವನು ೧೮೦೧ರಲ್ಲಿ ಕೆಂಟ್ ಪ್ರಾಂತ್ಯದ ಬೆಲ್ಮಾಂಟ್ ಎಂಬ ಮಹಾಗೃಹವನ್ನು ಕೊಂಡನು. ೧೮೧೫ರಲ್ಲಿ, ಎಂದರೆ ರೀಜೆನ್ಸಿ ಕಾಲದ ಮಧ್ಯದಲ್ಲಿ, ಅವನಿಗೆ 'ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್' ಎಂಬ ಬಿರುದು ದೊರೆಯಿತು. ಕಾದಂಬರಿಗಳಲ್ಲಿ ಬಿರುದಾಂಕಿತರ ಪಟ್ಟಿಯನ್ನು ಓದುವ ಹುಡುಗಿಯರು, ಆ ಪಟ್ಟಿಯಲ್ಲಿ ನಮ್ಮೂರ ಹೆಸರುಳ್ಳ ಒಬ್ಬ ಪ್ರಭುವೂ ನಿಜವಾಗಿ ಇದ್ದನೆಂಬುದನ್ನು ತಿಳಿಯಬೇಡವೆ? ಅದೇ ೧೭೯೯ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಕಂಪೆನಿಯವರಿಗೆ ವರ್ಷಕ್ಕೆ ೭ ಲಕ್ಷ ವರಹಗಳನ್ನು ತೆರಬೇಕಾಯಿತು. ನಮ್ಮ ಸೀಮೆಯ ಕಂದಾಯವೂ ಆ ಖಜಾನೆಗೇ ಸೇರುತ್ತಿತ್ತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು: ಈ ಸಂಗತಿಗಳನ್ನು ಬಲ್ಲ ಓದುಗನಿಗೆ ಹೇಯರಳ ಮೌನದಲ್ಲಿಯೂ ಶ್ರೀರಂಗಪಟ್ಟಣವು ಕೇಳಿಸುತ್ತದಲ್ಲ, ಅದೂ ಧ್ವನಿಯೇ ಏಕಾಗಬಾರದು? ಆಗಲಾರದು. ಮಮ್ಮಟನು ಹೇಳಿದ ದೇಶಕಾಲಗಳು ಕಾವ್ಯದೊಳಗಿನ ಮಾತಿನ ದೇಶಕಾಲಗಳು. ಓದುಗನ ಊರು ಅದರಲ್ಲಿ ಸೇರಿಲ್ಲ. ಓದುಗನು ತನ್ನ ತಿಳಿವಳಿಕೆಯಿಂದ ತುಂಬಿಕೊಂಡದ್ದು ಅವನ ಸ್ವತ್ತು. ಅದನ್ನು ಕವಿಯ ಗುಣವೆಂದು ಹೊಗಳುವುದೂ ಕವಿಯ ಕಪಟವೆಂದು ತೆಗಳುವುದೂ ಎರಡೂ ವಿಮರ್ಶೆಯಲ್ಲ. ಹೇಯರಳು ಕಪಟಿಯಲ್ಲ, ಆಕೆಯ ಟಿಪ್ಪಣಿಪುಸ್ತಕಗಳಲ್ಲಿ ಈ ಪುಟವೊಂದಿರಲಿಲ್ಲ, ಅಷ್ಟೆ. ಆ ಪುಟವನ್ನು ತೆರೆಯುವುದು ಓದುಗನ ಕೆಲಸ, ಅದಕ್ಕಿಂತ ಮೊದಲು ಅಧ್ಯಾಪಕನ ಕೆಲಸ.

೫

ಈ ದೋಷವು ಆಂಗ್ಲರಿಗೆ ಮಾತ್ರ ಅಂಟಿದ್ದೆಂದು ತಿಳಿಯುವುದು ನ್ಯಾಯವಲ್ಲ. ಅರಮನೆಯ ಸಾಹಿತ್ಯಕ್ಕೆಲ್ಲ ಇದು ಸಹಜವಾದ ದೋಷ. ಇದನ್ನು ನಮ್ಮ ಸೀಮೆಯಲ್ಲಿಯೇ ನೋಡಬಹುದು. ಗುಂಡ್ಲುಪೇಟೆಗೆ ಸಮೀಪದ ಹಂಗಳವು ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವುದಕ್ಕೆ ಮುಂಚೆ ನಿರ್ಬಂಧದಲ್ಲಿದ್ದ ಸ್ಥಳ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವು ಅವರು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ್ದು. ೧೬೭೩ರಿಂದ ೧೭೦೪ರವರೆಗೆ ಆಳಿದ ಈ ದೊರೆಯ ಆಸ್ಥಾನದಲ್ಲಿಯೇ ಸಿಂಗರಾರ್ಯನು ರತ್ನಾವಳಿಯನ್ನು ಅನುಸರಿಸಿ 'ಮಿತ್ರವಿಂದಾ ಗೋವಿಂದ'ವನ್ನು ರಚಿಸಿದನು. ನಾಟಿಕೆಯ ಶೃಂಗಾರವು ಕನ್ನಡಕ್ಕೆ ನಾಟಕರೂಪದಲ್ಲಿ ಬಂದುದು ಹೀಗೆ. ತಿರುಮಲಾರ್ಯನು ಅದೇ ದೊರೆಯ ವಂಶವನ್ನೂ ವಿಜಯವನ್ನೂ ವರ್ಣಿಸಿದನು. 'ನವಕೋಟಿ ನಾರಾಯಣ'ನೆಂಬ ಖ್ಯಾತಿಗೆ ಕಾರಣವಾದ ಬೊಕ್ಕಸವು ಹೇಗೆ ತುಂಬಿತು, ಹೊಸ ಕಂದಾಯಗಳಿಂದ ರೈತರು ಹೇಗೆ ಕೆರಳಿದರು, ಅವರ ಮುಂದಾಳುಗಳಾದ ಜಂಗಮರಿಗೆ ಏನಾಯಿತು ಎಂಬ ಪರಂಪರೆಯ ಕಥೆಯನ್ನು ನಾವು ಓದುವುದು ಮಾರ್ಕ್ ವಿಲ್ಕ್ಸನೆಂಬ ಆಂಗ್ಲ ಅಧ್ಯಕ್ಷನು ೧೮೧೦ರಿಂದ ೧೮೧೭ರೊಳಗೆ ಪ್ರಕಟಿಸಿದ ಇತಿಹಾಸದಲ್ಲಿ. ಪ್ರಶಸ್ತಿಕಾವ್ಯಕ್ಕೆ ಅದನ್ನು ಹೇಳುವ ಧರ್ಮವಿಲ್ಲ. ಆ ಅರಮನೆಯೊಳಗಿನಿಂದ ಬಂದ ಬೇರೊಂದು ಸ್ವರವೆಂದರೆ ಯಳಂದೂರಿನವಳಾದ ಸಂಚಿಯ ಹೊನ್ನಮ್ಮನದು. ಎಲೆಯಡಕೆಯ ಸಂಚಿಯನ್ನು ಹಿಡಿದು ನಿಂತಿದ್ದ ಆಕೆಯು 'ಹದಿಬದೆಯ ಧರ್ಮ'ದಲ್ಲಿ ಹೆಣ್ಣನ್ನು ಹೀಗಳೆಯುವವರನ್ನು ಎದುರಿಸಿ ಕೇಳುವ ಮಾತು, ಫ್ಯಾನಿಯ ಪ್ರಶ್ನೆಯಂತೆ, ಆಶ್ರಿತರ ಬಾಯಿಂದ ಬಂದ ಪ್ರಶ್ನೆಯೇ ಆಗಿದೆ. ದೊಡ್ಡ ಮನೆಗಳ ಸತ್ಯವನ್ನು ಹೇಳುವವರು ಎಷ್ಟೋ ವೇಳೆ ಆ ಮನೆಗಳಲ್ಲಿ ನಿಂತುಕೊಂಡಿರುವವರು, ಕುಳಿತವರಲ್ಲ.

ಚಾಮರಾಜನಗರದ ಮಾತು ಇನ್ನೂ ಹತ್ತಿರದ್ದು. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ೧೭೭೪ರಲ್ಲಿ ಚಾಮರಾಜ ಒಡೆಯರು ಜನಿಸಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಬಾಲಕರಾಗಿ ೧೭೯೯ರಲ್ಲಿ ಪಟ್ಟವೇರಿದರು. ದಿವಾನ್ ಪೂರ್ಣಯ್ಯನವರು ಅವರ ಪರವಾಗಿ ರಾಜ್ಯವನ್ನು ನಡೆಯಿಸಿ, ೧೮೧೧ರಲ್ಲಿ ಅಧಿಕಾರವನ್ನು ಒಪ್ಪಿಸಿದರು. ಯಳಂದೂರು ಅವರಿಗೆ ಜಹಗೀರಾಗಿ ಬಂದ ಊರು. ಮೈಸೂರಿನಲ್ಲಿ ಪ್ರತಿನಿಧಿಯ ಆಳಿಕೆಯು ಮುಗಿದ ವರ್ಷವೇ ಇಂಗ್ಲೆಂಡಿನಲ್ಲಿ ಪ್ರತಿನಿಧಿಯ ಆಳಿಕೆಯು ಆರಂಭವಾಯಿತೆಂಬುದನ್ನು ಗಮನಿಸಬೇಕು. ಆ ದಶಕದಲ್ಲಿಯೇ, ೧೮೧೮ರಲ್ಲಿ, ಅರಸರು ತಂದೆಯ ಜನ್ಮಸ್ಥಾನಕ್ಕೆ ಅವರ ಹೆಸರನ್ನಿಟ್ಟರು. ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವು ಸಿದ್ಧವಾಯಿತು. ಆಲ್ಮ್ಯಾಕ್ಸಿನ ಕದವನ್ನು ಯಾರಿಗೆ ತೆರೆದರೆಂದು ಬಲ್ಲ ನಮ್ಮ ವಿದ್ಯಾರ್ಥಿಯು, ತಾನು ದಿನವೂ ಹಾದುಹೋಗುವ ಗುಡಿಯು ಅದೇ ಕಾಲದ ಬಾಳಿನದೆಂಬುದನ್ನು ಅರಿಯದಿದ್ದರೆ ಅವನ ಚರಿತ್ರೆಯ ಜ್ಞಾನವು ಒಂದು ಕಣ್ಣಿನದು.

ಹಾಗಾದರೆ ನಮ್ಮ ಅರಮನೆಯ ಆ ಕಾಲವನ್ನು ಕನ್ನಡ ಗದ್ಯವು ಹೇಗೆ ಹಿಡಿಯಿತು? ಸ್ಕಾಟನ 'ಕ್ವೆಂಟಿನ್ ಡರ್ವರ್ಡ್' ಹೊರಬಿದ್ದ ೧೮೨೩ರಲ್ಲಿಯೇ ಕೆಂಪುನಾರಾಯಣನು 'ಮುದ್ರಾಮಂಜೂಷ'ವನ್ನು ರಚಿಸಿದನು. ಅವನು ಆರಿಸಿಕೊಂಡದ್ದು ಚಾಣಕ್ಯನ ಕಥೆ. ಅಲ್ಲಿ ಶೃಂಗಾರದ ಮರೆಯಿಲ್ಲದೆ ಅರ್ಥಶಾಸ್ತ್ರವು ಬಯಲಾಗಿಯೇ ನಿಂತಿದೆ. ಚಾಮರಾಜನಗರ ಸೀಮೆಯ ಕನಕಗಿರಿಯ ದೇವಚಂದ್ರನು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ 'ರಾಜಾವಳೀ ಕಥೆ'ಯನ್ನು ಬರೆದನು. ಇತಿಹಾಸ, ಐತಿಹ್ಯ, ಮತಾಭಿಮಾನಗಳು ಅಲ್ಲಿ ಒಂದರೊಡನೊಂದು ಬೆರೆತಿದ್ದರೂ, ಅರಮನೆಯ ಸ್ತ್ರೀಯೊಬ್ಬಳು ಚರಿತ್ರೆಯ ಓದುಗಳಾಗಿದ್ದಳೆಂಬುದಕ್ಕೆ ಅದೊಂದು ಸಾಕ್ಷಿ. ಆಮೇಲೆ ೧೮೮೫ರಲ್ಲಿ ಬಿ. ವೆಂಕಟಾಚಾರ್ಯರು 'ದುರ್ಗೇಶನಂದಿನಿ'ಯನ್ನು ವಂಗಭಾಷೆಯಿಂದ ತಂದರು. ಗಳಗನಾಥರು ಮರಾಠಿಯ ಮಾರ್ಗದಿಂದ ಐತಿಹಾಸಿಕ ಕಥೆಗಳನ್ನು ತಂದರು. ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (೧೯೧೫) ಮಾತ್ರ ಮುಮ್ಮಡಿಯವರ ಕಾಲವನ್ನೇ ಆಶ್ರಯಿಸಿತು. ಅದರಲ್ಲಿ ಅರಸರ ಔದಾರ್ಯವೂ ಇದೆ, ಅದರ ನೆರಳಿನಲ್ಲಿ ಬೆಳೆದ ಅಧಿಕಾರಿಗಳ ಅನ್ಯಾಯವೂ ಇದೆ. ಸಾಮಾನ್ಯ ಗೃಹಸ್ಥನ ಮನೆಯೊಳಗಿನಿಂದ ಅರಮನೆಯನ್ನು ನೋಡುವ ದೃಷ್ಟಿಯಿದೆ. ಹೇಯರಳ ಲಾಲಿತ್ಯವು ಪುಟ್ಟಣ್ಣನವರಲ್ಲಿಲ್ಲ. ಕಥಾಬಂಧವೂ ಅಲ್ಲಲ್ಲಿ ಸಡಿಲ. ಆದರೆ ಐಶ್ವರ್ಯವು ಯಾರ ಬೆನ್ನಮೇಲೆ ನಿಂತಿದೆಯೆಂಬ ಪ್ರಶ್ನೆಯನ್ನು ಅವರು ಮರೆಯಲಿಲ್ಲ.

೬

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಆಂಗ್ಲ ಶ್ರೀಮಂತಸಮಾಜದ ಐತಿಹಾಸಿಕ ಶೃಂಗಾರಕಾದಂಬರಿಯು ನಾಟಿಕೆಯ ಜ್ಞಾತಿ. ಅದನ್ನು ಓದುವುದರಲ್ಲಿ ಲಜ್ಜೆಪಡತಕ್ಕದ್ದೇನೂ ಇಲ್ಲ. ಅದರ ಕಾಲೌಚಿತ್ಯವು ನಮ್ಮ ಲೇಖಕರಿಗೆ ಮೇಲ್ಪಂಕ್ತಿಯಾಗಬಹುದು. ಆದರೆ ಅದನ್ನು ಚರಿತ್ರೆಯ ಸ್ಥಾನದಲ್ಲಿ ಕೂರಿಸುವುದಕ್ಕೆ ಆಗದು. ಅರ್ಥವನ್ನು ಆರಂಭದಲ್ಲಿಯೇ ಒಪ್ಪಿಕೊಂಡ ಹರ್ಷ, ಅದನ್ನು ಧ್ವನಿಯಾಗಿಟ್ಟ ಆಸ್ಟಿನ್, ಅದನ್ನೇ ಕಥೆಯಾಗಿ ಕಟ್ಟಿದ ಕಾಲಿನ್ಸ್, ಇವರು ಮೂವರೂ ಬೇರೆ ಬೇರೆ ಮಾರ್ಗಗಳಿಂದ ಸತ್ಯಕ್ಕೆ ನಿಷ್ಠರು. ಈ ಮೂರು ಮಾರ್ಗಗಳಲ್ಲಿ ಒಂದನ್ನೂ ಹಿಡಿಯದ ಕೃತಿಯು ಎಷ್ಟು ರಮಣೀಯವಾದರೂ ಅರ್ಧಚಿತ್ರ.

ಅಧ್ಯಾಪಕರಿಗೆ ಒಂದು ಸೂಚನೆ. ಇಂಥ ಕಾದಂಬರಿಯನ್ನು ಓದುವ ವಿದ್ಯಾರ್ಥಿಯ ಕೈಯಿಂದ ಪುಸ್ತಕವನ್ನು ಕಸಿಯಬೇಡಿರಿ. ನಾಯಕನ ವರಮಾನವು ಎಲ್ಲಿಂದ ಬಂದಿತು, ಕಥೆಯಲ್ಲಿ ಅದನ್ನು ಯಾರಾದರೂ ಕೇಳಿದರೆ, ಕೇಳಿದ್ದರೆ ಉತ್ತರ ಕೊಟ್ಟವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೊಡಿರಿ. ಆಮೇಲೆ ಅದೇ ಪ್ರಶ್ನೆಗಳನ್ನು 'ಚಿಕದೇವರಾಜ ವಂಶಾವಳಿ'ಗೂ ಕೇಳುವಂತೆ ಹೇಳಿರಿ. ಪರರ ಅರಮನೆಗೊಂದು ಅಳತೆ, ನಮ್ಮ ಅರಮನೆಗೊಂದು ಅಳತೆಯೆಂಬ ಪಕ್ಷಪಾತವು ಇದರಿಂದ ತಪ್ಪುತ್ತದೆ.

ಲೇಖಕರಿಗೆ ಇನ್ನೊಂದು. ೧೮೧೮ರ ಅರಿಕುಠಾರವನ್ನು, ಆ ವರ್ಷದ ಅಂತಃಪುರವನ್ನು, ೭ ಲಕ್ಷ ವರಹಗಳ ಗಡುವನ್ನು, ಆ ಗಡುವಿಗೆ ಧಾನ್ಯವನ್ನು ಮಾರಿದ ರೈತನ ಮನೆಯನ್ನು ಹೇಯರಳ ಶ್ರದ್ಧೆಯಿಂದಲೂ ಹೊನ್ನಮ್ಮನ ಧೈರ್ಯದಿಂದಲೂ ಒಂದೇ ಕಥೆಯಲ್ಲಿ ಹೆಣೆಯತಕ್ಕ ಕನ್ನಡ ಕಾದಂಬರಿಗೆ ಬೇಕಾದ ಸಾಮಗ್ರಿಯು ನಮ್ಮ ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಗುಡಿಗಳಲ್ಲಿಯೂ ಬಿದ್ದಿದೆ. ಅದನ್ನು ಎತ್ತಿಕೊಳ್ಳುವವರು ಚಾಮರಾಜನಗರ ಗುಂಡ್ಲುಪೇಟೆಗಳ ಕಾಲೇಜುಗಳಿಂದಲೇ ಹೊರಡಲಿ ಎಂದು ವಿದ್ವಾಂಸರಲ್ಲಿ ನಮ್ಮ ವಿಜ್ಞಾಪನೆ.